ಚಪ್ಪಡಿ ಕಲ್ಲಿನ ಹುಣಸೆ

ನಮ್ಮ ಹಿತ್ತಲಿನ ಕಾಂಪೌಂಡು ಕಲ್ಲು ಚಪ್ಪಡಿಯದ್ದು. ಸಮೇತನಹಳ್ಳಿಯ ಕಡೆ ಹಳೆಯ ಮನೆಗಳಿಗೆ ಹಾಗೇ. ಆಳೆತ್ತರದ ಚಪ್ಪಡಿಗಳನ್ನು ಸಾಲಾಗಿ ನೆಟ್ಟು, ಸಂದಿಗೆ ಒಂದಿಷ್ಟು ಗಾರೆ ಮೆತ್ತಿದರೆ ಗೋಡೆಯಾಯಿತು. ಅಂಥದ್ದೊಂದು ಸಂದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂಬತ್ತು ವರ್ಷದ ಹಿಂದೆ ಹುಣಸೆ ಬೀಜವೊಂದು ಮೊಳೆಯಿತು. ಯಾರೂ ನೆಟ್ಟದ್ದಲ್ಲ. ನಮ್ಮ ಮನೆಯಾಕೆ ಹಣ್ಣು ಬಿಡಿಸುತ್ತಾ ಕೂತಾಗ ಸಿಡಿದ ಬೀಜವೇ ಇರಬೇಕು.

ಮನೆಯ ಹತ್ತಿರ ಹುಣಸೆ ಇರಬಾರದೆಂದು ನಮ್ಮ ಕಡೆ ನಂಬಿಕೆ. ಅದರಲ್ಲಿ ದೆವ್ವ ಕೂರುತ್ತದಂತೆ. ದೆವ್ವದ ಮಾತು ಬಿಡಿ, ಗೋಡೆ ಬಿರುಕು ಬಿಟ್ಟೀತೆಂಬುದು ನನ್ನ ಭಯ. ವರ್ಷಕ್ಕೊಮ್ಮೆ ಮಚ್ಚು ಹಿಡಿದು ಹೋಗಿ ಕಡಿದು ಬರುತ್ತಿದ್ದೆ. ನಾಲ್ಕು ಮಳೆ ಬಿದ್ದರೆ ಮತ್ತೆ ಚಿಗುರು. ಹೀಗೆ ಕಡಿದೂ ಕಡಿದೂ ಅದು ಮೇಲಕ್ಕೆ ಹೋಗುವ ಆಸೆಯನ್ನೇ ಬಿಟ್ಟಿತು. ಎತ್ತರ ನನ್ನ ಮೊಳಕಾಲಿಗೂ ಬರದು. ಬುಡ ಮಾತ್ರ ಮಣಿಕಟ್ಟಿನಷ್ಟು ದಪ್ಪ, ಗಂಟುಗಂಟು, ಒಂದು ಕಡೆ ಕಲ್ಲಿಗೆ ಒತ್ತಿ ಚಪ್ಪಟೆ.

ಈ ವರ್ಷ ಹಿಂದಿನ ಓಣಿಗೆ ಚರಂಡಿ ಬಂತು. ಗೋಡೆಯನ್ನು ಎರಡಡಿ ಒಳಕ್ಕೆ ಸರಿಸಬೇಕಾಯಿತು. ಗಾರೆ ಕೆಲಸದವರು ಬಂದು ನೋಡಿ, “ಈ ಹುಣಸೆ ಬೇರನ್ನ ಜೆಸಿಬೀಲಿ ಕಿತ್ತು ಬಿಸಾಕ್ಬೇಕು” ಅಂದರು. ನಾನು ಹೂಂ ಅಂದೆ. ಪಕ್ಕದಲ್ಲಿ ಆರನೇ ಕ್ಲಾಸಿನ ಮೊಮ್ಮಗಳು ನಿಂತಿದ್ದಳು.

“ತಾತ, ಬೇಡ. ಬೋನ್ಸಾಯ್ ಮಾಡೋಣ.”

ಜನವರಿಯಲ್ಲಿ ಅವಳನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಬೋನ್ಸಾಯ್ ಗಿಡಗಳ ಮುಂದಿನಿಂದ ಅವಳು ಕದಲಿರಲಿಲ್ಲ. ಹಾಗಾಗಿ ಆ ಮಾತು.

ಬೋನ್ಸಾಯ್ ಎಂದರೆ ನನಗೆ ಸ್ವಲ್ಪ ನಾಚಿಕೆ. ಮೇಷ್ಟ್ರು ಕೆಲಸದಿಂದ ನಿವೃತ್ತನಾದ ಹೊಸದರಲ್ಲಿ ಒಂದು ಪುಸ್ತಕ, ಒಂದು ಸುರುಳಿ ಅಲ್ಯೂಮಿನಿಯಂ ತಂತಿ ತಂದು ನಾನೂ ಒಂದು ಹುಣಸೆ ಸಸಿಯ ಮೇಲೆ ಕೈ ಇಟ್ಟಿದ್ದೆ. ಪುಸ್ತಕದ ಚಿತ್ರಗಳೆಲ್ಲ ಜಪಾನಿನ ಪೈನ್ ಮರಗಳು. ಅದೇ ಪ್ರಕಾರ ಕಾಂಡವನ್ನು ಹಾವಿನ ಹಾಗೆ ಬಳುಕಿಸಿ, ಕೊಂಬೆಗಳನ್ನು ಎಡಕ್ಕೊಂದು ಬಲಕ್ಕೊಂದು ಕೆಳಕ್ಕೆ ಬಗ್ಗಿಸಿ ತ್ರಿಕೋನ ಮಾಡಿದೆ. ಪಾಪದ ಹುಣಸೆ, ಕ್ಯಾಲೆಂಡರಿನ ಪೈನ್ ಮರದ ವೇಷ ಹಾಕಿ ನಿಂತಿತು. ಬಂದವರಿಗೆಲ್ಲ ಕಾಣಲಿ ಎಂದು ಟೀವಿ ಪಕ್ಕ ಇಟ್ಟೆ. ಮಳೆಗಾಲದಲ್ಲಿ ಕಾಂಡ ದಪ್ಪವಾಗುತ್ತದೆ, ತಂತಿ ಬಿಚ್ಚಬೇಕು ಎಂಬುದು ಮರೆತುಹೋಯಿತು. ತಂತಿ ತೊಗಟೆಯೊಳಗೆ ಹೂತುಕೊಂಡಿತು. ದೀಪಾವಳಿಯ ಹೊತ್ತಿಗೆ ಗಿಡ ಒಣಗಿತು. ಬೋನ್ಸಾಯ್ ಮನೆಯೊಳಗೆ ಇಡುವ ಅಲಂಕಾರದ ಸಾಮಾನಲ್ಲ, ಬಿಸಿಲು ಗಾಳಿ ಬೇಕಾದ ಮರ ಎಂದು ಆಗ ಗೊತ್ತಾಯಿತು. ಗೊತ್ತಾಗುವುದಕ್ಕೆ ಒಂದು ಜೀವ ಖರ್ಚಾಯಿತು.

ಆದ್ದರಿಂದ ಈ ಸಲ ನಾನಾಗಿ ಕೈ ಹಾಕಲಿಲ್ಲ. ಹೊಸಕೋಟೆಯ ದಾರಿಯಲ್ಲಿ ನರ್ಸರಿ ಇಟ್ಟುಕೊಂಡ ಹಿರಿಯರೊಬ್ಬರಿದ್ದಾರೆ. ಗುಲಾಬಿ, ಮಾವಿನ ಸಸಿ ಮಾರುವುದು ಹೊಟ್ಟೆಪಾಡು. ಹಿಂದುಗಡೆ ನೆರಳಿನಲ್ಲಿ ಮೂವತ್ತು ನಲವತ್ತು ಕುಬ್ಜ ಮರಗಳನ್ನು ಸಾಕಿರುವುದು ಅವರ ಹುಚ್ಚು. ಹೆಸರು ಬರೆಯಬೇಡಿ ಎಂದಿದ್ದಾರೆ. ಯಜಮಾನರು ಎನ್ನುತ್ತೇನೆ.

ಯಜಮಾನರು ಬಂದವರೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಗಿಡವನ್ನೇ ನೋಡಿದರು. ಕಾಫಿ ಆರಿಹೋಯಿತು. ಆಮೇಲೆ, “ಮೇಷ್ಟ್ರೇ, ಒಂಬತ್ತು ವರ್ಷದಿಂದ ನೀವು ಬೋನ್ಸಾಯೇ ಮಾಡ್ತಾ ಇದೀರಿ. ನಿಮಗೆ ಗೊತ್ತಿಲ್ಲ ಅಷ್ಟೆ” ಅಂದು ನಕ್ಕರು.

ಅವರು ಹೇಳಿದ್ದು ಇದು. ತಂತಿ ಸುತ್ತಿ ಬಗ್ಗಿಸುವುದು ಒಂದು ದಾರಿ. ತಂತಿಯೇ ಇಲ್ಲದೆ ಬೆಳೆಯಲು ಬಿಡುವುದು, ಕತ್ತರಿಸುವುದು, ಮತ್ತೆ ಬೆಳೆಯಲು ಬಿಡುವುದು ಇನ್ನೊಂದು ದಾರಿ. ದಕ್ಷಿಣ ಚೀನಾದ ಲಿಂಗ್ನಾನ್ ಸೀಮೆಯವರು ಹೀಗೆಯೇ ಮಾಡುತ್ತಾರೆ. ಪ್ರತಿ ಸಲ ಕತ್ತರಿಸಿದಾಗ ಚಿಗುರು ಬೇರೆ ದಿಕ್ಕಿಗೆ ಹೊರಡುತ್ತದೆ, ಕೊಂಬೆಯಲ್ಲಿ ಒಂದು ತಿರುವು ಹುಟ್ಟುತ್ತದೆ, ಬುಡ ದಪ್ಪವಾಗುತ್ತದೆ. ನನ್ನ ಮಚ್ಚು ಅರಿಯದೆ ಮಾಡಿದ್ದು ಅದನ್ನೇ.

ಬೋನ್ಸಾಯ್ ಎಂಬ ಮಾತಿಗೆ ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಜಪಾನೀಯರು ಈ ವಿದ್ಯೆಯನ್ನು ಕಲಿತದ್ದು ಚೀನಾದಿಂದ. ಅದಕ್ಕೆಂದು ಬೇರೆ ಕುಳ್ಳು ಬೀಜವೇನೂ ಇಲ್ಲ. ಅದೇ ಬೀಜ ಹೊಲದ ಬದುವಿನಲ್ಲಿ ಬಿದ್ದಿದ್ದರೆ ನೂರು ಜನಕ್ಕೆ ನೆರಳು ಕೊಡುವ ಮರವಾಗುತ್ತಿತ್ತು. ಉಪವಾಸ ಕೆಡವಿ ಕುಬ್ಜ ಮಾಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ, ಅದೂ ತಪ್ಪು. ಬೇರನ್ನೂ ಕೊಂಬೆಯನ್ನೂ ಆಗಾಗ ಕತ್ತರಿಸಿ ಅಳತೆಯಲ್ಲಿ ಇಡುತ್ತಾರೆ. ನೀರು, ಗೊಬ್ಬರ, ಬಿಸಿಲು ಹೊಲದ ಮರಕ್ಕಿಂತ ಹೆಚ್ಚು ನಿಗಾ ಇಟ್ಟು ಕೊಡುತ್ತಾರೆ.

“ಕತ್ತರಿ ಹಿಡಿಯೋಕೆ ಮುಂಚೆ ಒಂದು ಕೆಲಸ ಮಾಡಿ” ಅಂದರು ಯಜಮಾನರು. “ಆಲ ಮಾಡೋದಾಗಿದ್ರೆ ರಾಮೋಹಳ್ಳಿ ಹತ್ರ ದೊಡ್ಡಾಲದ ಮರ ನೋಡಿ ಬನ್ನಿ ಅಂತಿದ್ದೆ. ಹುಣಸೆಗೆ ನಲ್ಲೂರಿಗೆ ಹೋಗಿ. ಪುಸ್ತಕ ಬೇಡ.” ಮೊಮ್ಮಗಳ ಕಡೆ ತಿರುಗಿ, “ಪುಟ್ಟಮ್ಮ, ಮೂರು ಪ್ರಶ್ನೆಗೆ ಉತ್ತರ ತರ್ಬೇಕು. ಮರ ನೆಲಕ್ಕೆ ಹೆಂಗೆ ಇಳಿಯುತ್ತೆ? ಮೊದಲನೇ ಕೊಂಬೆ ಎಲ್ಲಿಂದ ಹೊರಡುತ್ತೆ? ಕೊಂಬೆ ತುದಿ ಯಾವ ಕಡೆ ನೋಡುತ್ತೆ?” ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ನಮ್ಮೂರು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನದು. ನಲ್ಲೂರು ಅದೇ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನದು. ಹೆಸರಿಗೆ ಗ್ರಾಮಾಂತರ, ರಾತ್ರಿ ನಮ್ಮ ಮಹಡಿ ಹತ್ತಿದರೆ ವೈಟ್‌ಫೀಲ್ಡ್ ಕಡೆಯ ಆಕಾಶ ದೀಪದ ಬೆಳಕಿಗೆ ಹಳದಿಯಾಗಿರುತ್ತದೆ. ಶಿವರಾತ್ರಿ ಕಳೆದ ಭಾನುವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಹೊಸಕೋಟೆಯಲ್ಲಿ ಬಸ್ ಬದಲಿಸುವಾಗ ಹೋಟೆಲುಗಳ ಮುಂದೆ ಆಗಲೇ ಬಿರಿಯಾನಿಗೆ ಕ್ಯೂ. ಬೆಳಕು ಹರಿಯುವ ಮುಂಚೆಯೇ ಬೆಂಗಳೂರಿನಿಂದ ಕಾರು ಹತ್ತಿ ಬರುತ್ತಾರೆ. ನಾವು ಚಿತ್ರಾನ್ನದ ಡಬ್ಬಿ ಹಿಡಿದು ಅವರನ್ನು ದಾಟಿ ಹೋದೆವು. ಮೊಮ್ಮಗಳು ತಿರುಗಿ ತಿರುಗಿ ನೋಡಿದಳು.

ಸೂಲಿಬೆಲೆಯ ದಾರಿ ಹಿಡಿದರೆ ಎರಡೂ ಕಡೆ ಕೆಮ್ಮಣ್ಣಿನ ಹೊಲ. ರಾಗಿ ಕೊಯ್ದು ಬಹಳ ದಿನವಾಗಿತ್ತು. ಅಲ್ಲಲ್ಲಿ ಹಿಪ್ಪುನೇರಳೆ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ನಡುನಡುವೆ ಬಣ್ಣದ ಕಲ್ಲು ನೆಟ್ಟ ಹೊಸ ಲೇಔಟು. ಮೇಲೆ ಐದು ನಿಮಿಷಕ್ಕೊಂದು ವಿಮಾನ ದೇವನಹಳ್ಳಿಯ ನಿಲ್ದಾಣಕ್ಕೆ ಇಳಿಯುತ್ತಿತ್ತು. ಅವಳು ಹದಿನಾಲ್ಕರವರೆಗೆ ಎಣಿಸಿ ನಿದ್ದೆ ಹೋದಳು.

ನಲ್ಲೂರಿನ ಹುಣಸೆ ತೋಪನ್ನು ನಾನು ಕೇಳಿದ್ದೆ, ನೋಡಿರಲಿಲ್ಲ. ಐವತ್ತು ಕಿಲೋಮೀಟರಿನೊಳಗೆ ಇರುವುದನ್ನು ಅರವತ್ತೆಂಟು ವರ್ಷ ನೋಡದೆ ಇದ್ದೆನಲ್ಲ ಎಂದು ಒಳಗೆ ಕಾಲಿಟ್ಟ ಕ್ಷಣವೇ ಅನ್ನಿಸಿತು. 54 ಎಕರೆ ಜಾಗ, ಅದರಲ್ಲಿ ಸುಮಾರು ಮುನ್ನೂರು ಮುದಿ ಹುಣಸೆಗಳು. ಚೋಳರ ಕಾಲದವು ಎಂಬ ಮಾತು ಇದೆ. ನಡುವೆ ಹಳೆಯ ಗುಡಿಯ ಕಲ್ಲುಗಳು ಬಿದ್ದಿವೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ದೇಶದಲ್ಲಿ ಆ ಗೌರವ ಸಿಕ್ಕ ಮೊದಲ ಜಾಗ ನಮ್ಮ ಜಿಲ್ಲೆಯ ಈ ತೋಪು ಎಂದರೆ ಮಕ್ಕಳು ನೆನಪಿಟ್ಟುಕೊಳ್ಳಬೇಕು. ಪರೀಕ್ಷೆಗೆ ಕೇಳಿದರೂ ಕೇಳಿಯಾರು.

ಆದರೆ ಆ ಗೌರವದ ಮಾತನ್ನು ಅಲ್ಲಿಯ ಮರಗಳು ಕೇಳಿಸಿಕೊಂಡ ಹಾಗಿಲ್ಲ. ಯಾವುದೂ ಶಿಸ್ತಾಗಿ ನಿಂತಿಲ್ಲ. ಒಂದು ಮರ ಮೊಣಕೈ ಊರಿ ಮಲಗಿದೆ. ಮಲಗಿದ ಮೈಯಿಂದಲೇ ಎರಡು ಹೊಸ ಕಾಂಡಗಳು ನೆಟ್ಟಗೆ ಎದ್ದಿವೆ. ಇನ್ನೊಂದು ನಡುವೆ ಸೀಳಿ ಎರಡಾಗಿದೆ, ಎರಡೂ ಬದುಕಿವೆ. ಮತ್ತೊಂದರ ಕಾಂಡ ಒದ್ದೆ ಸೀರೆಯನ್ನು ಹಿಂಡಿ ನಿಲ್ಲಿಸಿದ ಹಾಗೆ ತಿರುಚಿಕೊಂಡಿದೆ. ತೊಗಟೆ ನಮ್ಮೂರ ಕೆರೆ ಬೇಸಿಗೆಯಲ್ಲಿ ಬಿರಿದ ಹಾಗೆ.

ಒಂದು ಮರದ ಹೊಟ್ಟೆ ಪೂರಾ ಟೊಳ್ಳು. ಒಳಗೆ ನಾಲ್ಕು ಮಕ್ಕಳು ನಿಲ್ಲಬಹುದು. ಅವಳು ನುಗ್ಗುವವಳಿದ್ದಳು, ಹಾವಿದ್ದೀತೆಂದು ತಡೆದೆ. “ಹೊಟ್ಟೇನೇ ಇಲ್ಲ, ಹೆಂಗೆ ಬದುಕಿದೆ ತಾತ?” ಎಂದಳು. ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ. ನೀರು ಆಹಾರಗಳ ಓಡಾಟ ಅದರ ಆಚೀಚೆ. ನಡುವಿನ ಗಟ್ಟಿ ತಿರುಳು ಹಳೆಯ ಕಾಲದ್ದು, ಸತ್ತಿರುವಂಥದ್ದೇ. ಅದು ಕೊಳೆತುಹೋದರೂ ಮರಕ್ಕೆ ಜೀವದ ಭಯವಿಲ್ಲ, ಗಾಳಿಗೆ ಬೀಳುವ ಭಯ ಮಾತ್ರ. ಪಾಠ ಹೇಳುವ ಚಟ ನಿವೃತ್ತಿಯಾದ ಮೇಲೂ ಹೋಗುವುದಿಲ್ಲ ನೋಡಿ.

ಅಲ್ಲೇ ಕೂತು ಮೂರು ಪ್ರಶ್ನೆ ತೆಗೆದೆವು. ಅಂಗೈ ಬೆವರಿಗೆ ಅಕ್ಷರ ಅಳಿಸಿತ್ತು, ಆದರೆ ಅವಳಿಗೆ ನೆನಪಿತ್ತು.

ಮರ ನೆಲಕ್ಕೆ ಹೇಗೆ ಇಳಿಯುತ್ತದೆ? ಕಂಬದ ಹಾಗಲ್ಲ. ಬುಡ ಅಗಲವಾಗುತ್ತಾ, ಮಡಿಕೆ ಮಡಿಕೆಯಾಗಿ, ಎಲ್ಲಿ ಕಾಂಡ ಮುಗಿದು ಎಲ್ಲಿ ಬೇರು ಶುರು ಎಂದು ಗೆರೆ ಎಳೆಯಲಾಗದಂತೆ ಇಳಿಯುತ್ತದೆ. ಮೊದಲನೆಯ ಕೊಂಬೆ? ಆಳೆತ್ತರಕ್ಕೂ ಕೆಳಗೆ, ಕಾಂಡದಷ್ಟೇ ದಪ್ಪಗೆ. ಎಡ ಬಲ ಎಂಬ ಲೆಕ್ಕವಿಲ್ಲ. ಒಂದೇ ಕಡೆ ಮೂರು ಹೊರಟಿರುವುದೂ ಉಂಟು.

ಮೂರನೆಯದು ನನಗೆ ಕಣ್ಣು ತೆರೆಸಿದ ಪ್ರಶ್ನೆ. ಕೊಂಬೆಗಳು ಮೊದಲು ಮೇಲಕ್ಕೆ ಏಳುತ್ತವೆ, ಆಮೇಲೆ ಹೊರಕ್ಕೆ ಚಾಚುತ್ತವೆ, ತುದಿಗೆ ಬಂದಾಗ ಮಾತ್ರ ಎಲೆಯ ಕಾಯಿಯ ಭಾರಕ್ಕೆ ಬಾಗುತ್ತವೆ. ಒಟ್ಟು ನೋಡಿದರೆ ಕೊಡೆ. ನಾನು ಹಿಂದೆ ಮಾಡಿದ ತ್ರಿಕೋನ ಆ 54 ಎಕರೆಯಲ್ಲಿ ಎಲ್ಲೂ ಇರಲಿಲ್ಲ. ಯಾಕಿರುತ್ತದೆ? ಪುಸ್ತಕದ ಪೈನ್ ಬೆಟ್ಟದ ಮರ. ಅದರ ಕೊಂಬೆಯ ಮೇಲೆ ಚಳಿಗಾಲವಿಡೀ ಹಿಮದ ಹೊರೆ. ನೂರಾರು ವರ್ಷ ಹೊತ್ತು ಹೊತ್ತು ಕೊಂಬೆ ಕೆಳಕ್ಕೆ ಬಾಗುತ್ತದೆ, ಆದ್ದರಿಂದ ಅಲ್ಲಿ ಬಾಗಿದ ಕೊಂಬೆ ಮುಪ್ಪಿನ ಗುರುತು. ಹೊಸಕೋಟೆ ದೇವನಹಳ್ಳಿಯಲ್ಲಿ ಹಿಮ ಎಲ್ಲಿ ಬೀಳುತ್ತದೆ! ಇಲ್ಲಿಯ ಮುಪ್ಪಿಗೆ ಬೇರೆ ಗುರುತು: ದಪ್ಪ ಬುಡ, ಟೊಳ್ಳು, ಸೀಳು, ಅಗಲ ಕೊಡೆ. ನಾನು ಹುಣಸೆಗೆ ಇಲ್ಲದ ಹಿಮವನ್ನು ಹೊರಿಸಿದ್ದೆ.

ಯೂರೋಪಿನಲ್ಲೂ ಇದೇ ಜಗಳ ನಡೆದಿದೆಯಂತೆ. ಆಸ್ಟ್ರಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆಸಿದ ವಾಲ್ಟರ್ ಪಾಲ್ ಎಂಬವರು ಈ ಸಹಜ ರೂಪದ ಬೋನ್ಸಾಯ್‌ಗೆ ಹೆಸರಾದವರು. ಇದನ್ನು ಆಮೇಲೆ ಯಜಮಾನರು ಹೇಳಿದರು.

ಒಂದು ಮರದ ಎತ್ತರದ ಕೊಂಬೆ ತೊಗಟೆ ಕಳಚಿ ಮೂಳೆಯ ಹಾಗೆ ಬೆಳ್ಳಗಿತ್ತು. ಬೋನ್ಸಾಯ್‌ನಲ್ಲಿ ಇಂಥ ಒಣ ಕೊಂಬೆಯನ್ನು ಬೇಕೆಂದೇ ಉಳಿಸುತ್ತಾರೆ, ಜಪಾನೀಯರು ಅದನ್ನು ‘ಜಿನ್’ ಎನ್ನುತ್ತಾರೆ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. “ಹಂಗಾದ್ರೆ ಅಜ್ಜಿ ಹೇಳೋದು ನಿಜ. ಹುಣಸೆ ಮರದಲ್ಲಿ ಜಿನ್ ಇದೆ!”

ಕೆಳಗೆ ಬಿದ್ದ ಹಣ್ಣು ಆರಿಸಿ ಚೀಪುತ್ತಾ ಅವಳು ಚಿತ್ರ ಬರೆದಳು. ಆ ಹುಳಿ ಹಲ್ಲು ಜುಮ್ಮೆನ್ನಿಸುವಂಥದ್ದು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂದು ಸುಮ್ಮನೆ ಹೇಳುತ್ತಾರೆಯೇ? ಅಂದ ಹಾಗೆ ಹುಣಸೆಯ ತವರು ಆಫ್ರಿಕಾ. ಅರಬರು ಇದನ್ನು ಹಿಂದ್ ದೇಶದ ಖರ್ಜೂರ ಎಂದು ಕರೆದರು. ತಮರ್ ಹಿಂದ್ ಎಂಬುದೇ ಇಂಗ್ಲಿಷಿನಲ್ಲಿ ಟ್ಯಾಮರಿಂಡ್ ಆಯಿತು. ಹೊರಗಿನಿಂದ ಬಂದ ಮರಕ್ಕೆ ನಮ್ಮ ದೇಶದ ಹೆಸರೇ ಅಂಟಿಕೊಂಡಿತು.

ಗಾರೆ ಕೆಲಸದವರು ಯುಗಾದಿಗೆ ಮುಂಚೆ ಬಂದರು. ಯಜಮಾನರಿಗೆ ಬೇಕಿದ್ದದ್ದೂ ಅದೇ ಸಮಯ. ಹುಣಸೆ ಹಳೆಯ ಎಲೆ ಉದುರಿಸಿ ಹೊಸ ಚಿಗುರಿಗೆ ಕಾಯುತ್ತಿರುತ್ತದೆ, ಬೇರು ಮುಟ್ಟಿದರೆ ಆಗ ತಡೆದುಕೊಳ್ಳುತ್ತದೆ. ನಾನು ಬೆಂಗಳೂರಿನಿಂದ ನೀಲಿ ಹೊಳಪಿನ ಚಂದದ ತಟ್ಟೆ ಕುಂಡ ತಂದಿಟ್ಟಿದ್ದೆ.

ಚಪ್ಪಡಿಯನ್ನು ಹಾರೆಯಿಂದ ಮೀಟಿದಾಗ ಅದರ ಮೂಲೆ ಮುರಿಯಿತು. ಮುರಿದ ಕಲ್ಲಿನ ಜೊತೆಗೇ ಗಿಡ ಈಚೆ ಬಂತು. ಒಂದು ಬೇರು ಎರಡು ಕಲ್ಲಿನ ನಡುವೆ ಸಿಕ್ಕಿ, ಒಂಬತ್ತು ವರ್ಷ ಲಟ್ಟಿಸಿದ ಚಪಾತಿಯ ಹಾಗೆ ಅಗಲವಾಗಿ, ಕಲ್ಲಿನ ಉಬ್ಬು ತಗ್ಗನ್ನೆಲ್ಲ ಅಚ್ಚೊತ್ತಿದಂತೆ ಹಿಡಿದುಕೊಂಡಿತ್ತು. ಮೇಸ್ತ್ರಿ ಬಿಡಿಸಲು ಉಳಿ ತೆಗೆದರು. ಯಜಮಾನರು ಅವರ ಕೈ ಹಿಡಿದರು.

“ಬಿಡಿಸಬೇಡಿ. ಇದರ ಮುಖ ಇದೇ.”

ನೀಲಿ ಕುಂಡ ಅಟ್ಟಕ್ಕೆ ಹೋಯಿತು. ಮುರಿದ ಚಪ್ಪಡಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮೂರು ಬೆರಳು ದಪ್ಪ. ಇಪ್ಪತ್ತು ಕಿಲೋ ಹತ್ತಿರ ತೂಗೀತು. ಅದೇ ಕುಂಡವಾಯಿತು. ಬೋನ್ಸಾಯ್‌ಗೆ ತಟ್ಟೆಯೇ ಆಗಬೇಕೆಂದಿಲ್ಲ, ಹಾಸುಗಲ್ಲಿನ ಮೇಲೂ ನೆಡುತ್ತಾರೆ. ಮೇಸ್ತ್ರಿ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ನಾಲ್ಕು ಸಣ್ಣ ತೂತು ಕೊರೆದರು. ಕಲ್ಲಿನ ಅಂಚಿಗೆ ಕೆರೆಗೋಡನ್ನೂ ಸಗಣಿಯನ್ನೂ ಕಲಸಿ ಎರಡು ಬೆರಳೆತ್ತರದ ಕಟ್ಟೆ ಕಟ್ಟಿದೆವು. ಕೆರೆ ಏರಿ ಕಟ್ಟುತ್ತಿದ್ದೇವೆ ಎಂದು ಅವಳಿಗೆ ಸಂಭ್ರಮ. ಒಂದು ಕಡೆ ತೂಬನ್ನೂ ಬಿಟ್ಟಳು. ಒಳ್ಳೆಯದೇ ಆಯಿತು, ಹೆಚ್ಚಿನ ನೀರು ಹರಿದು ಹೋಗಲೇಬೇಕು.

ಒಳಗೆ ತುಂಬಿದ್ದು ತೋಟದ ಮಣ್ಣಲ್ಲ. ತೆಳುವಾದ ಜಾಗದಲ್ಲಿ ಮಣ್ಣು ಹೆಪ್ಪುಗಟ್ಟಿದರೆ ಬೇರಿಗೆ ಗಾಳಿ ಸಿಗದು. ಹಳೆಯ ಇಟ್ಟಿಗೆಯನ್ನು ಕಡಲೆಬೇಳೆ ಗಾತ್ರಕ್ಕೆ ಕುಟ್ಟಿ, ದಪ್ಪ ಮರಳು ಸೇರಿಸಿ, ಎರಡನ್ನೂ ಜರಡಿ ಹಿಡಿದು ದೂಳು ಚೆಲ್ಲಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಸ್ವಲ್ಪ ಬೆರೆಸಿದೆವು.

ಆಮೇಲೆ ಕಷ್ಟದ ಕೆಲಸ. ನೆಲದಾಳಕ್ಕೆ ಇಳಿದಿದ್ದ ತಾಯಿಬೇರು ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು. ಅದನ್ನು ಕತ್ತರಿಸದೆ ಗಿಡ ಕಲ್ಲಿನ ಮೇಲೆ ಕೂರುವುದಿಲ್ಲ. ಪಕ್ಕದ ಸಣ್ಣ ಬೇರುಗಳು ಒಂದು ಮುಷ್ಟಿಗಿಂತ ಹೆಚ್ಚಿರಲಿಲ್ಲ. ಯಜಮಾನರು ಕತ್ತರಿ ನನ್ನ ಕೈಗೆ ಕೊಟ್ಟರು.

“ಪಾಪ ಅಲ್ವಾ ತಾತ?” ಎಂದಳು ಅವಳು. “ಅದರ ಕಾಲು ತಾನೆ ಅದು?”

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆಗ ಆ ಗಾದೆ ಬಾಯಿಗೆ ಬರಲಿಲ್ಲ. ಬಗ್ಗಿಸುವವರಿಗೆ ಅದು ಚಂದದ ಗಾದೆ. ಬಗ್ಗುವವರನ್ನು ಯಾರು ಕೇಳುತ್ತಾರೆ? “ಪಾಪಾನೇ” ಎಂದೆ. “ಜೆಸಿಬಿ ಬಂದಿದ್ರೆ ಇನ್ನೂ ಪಾಪ ಆಗ್ತಿತ್ತು. ಕತ್ತರಿಸಿದ ಮೇಲೆ ದಿನಾ ನೋಡ್ಕೋಬೇಕು. ನೋಡ್ಕೋತೀಯಾ?” ಅವಳು ತಲೆಯಾಡಿಸಿದಳು. ನಾನು ಕತ್ತರಿಸಿದೆ. ಕತ್ತರಿಸಿದ ಜಾಗಕ್ಕೆ ಅರಿಶಿನ ಕಲಸಿ ಹಚ್ಚಿದೆವು.

ಕಲ್ಲಿನ ತೂತಿನಿಂದ ಬಂದ ತಂತಿಯಿಂದ ಬೇರನ್ನು ಅಲುಗದಂತೆ ಕಟ್ಟಿದೆವು. ಕೊಂಬೆ ಬಗ್ಗಿಸುವುದಕ್ಕಲ್ಲ, ಗಿಡ ಅಲುಗದಿರಲೆಂದು. ಅಲುಗಿದರೆ ಹೊಸ ಬೇರಿನ ಎಳೆ ಹರಿಯುತ್ತದೆ. ಇಟ್ಟಿಗೆ ಚೂರನ್ನು ತುಂಬಿ, ತೆಳು ಕಡ್ಡಿಯಿಂದ ಬೇರಿನ ಸಂದಿಗೆಲ್ಲ ಇಳಿಸಿದೆವು. ಬಚ್ಚಲ ಗೋಡೆಯ ಪಾಚಿ ಕೆರೆದು ಮೇಲೆ ಹಾಸಿದೆವು. ತೂಬಿನಲ್ಲಿ ತಿಳಿನೀರು ಬರುವವರೆಗೆ ಹೂವಿನ ಹನಿಯ ಹಾಗೆ ನೀರು ಚಿಮುಕಿಸಿದೆವು.

ಕೊನೆಗೆ ಕೊಂಬೆ. ಅವಳು ನಲ್ಲೂರಿನಲ್ಲಿ ಬರೆದ ಚಿತ್ರವನ್ನು ಬಟ್ಟೆ ಕಲ್ಲಿನ ಮೇಲೆ ಹರಡಿದಳು. ಚಿತ್ರದಲ್ಲಿ ಮೂರು ಕೊಂಬೆ. ಗಿಡದಲ್ಲಿ ಆರಿದ್ದವು. ಯಜಮಾನರು ಎರಡನ್ನು ತೆಗೆಸಿದರು. ನಾಲ್ಕನೆಯದು ಕಲ್ಲಿನ ಕಡೆಗೆ ತೀರಾ ಕೆಳಗೆ ಇದ್ದ ಬೆರಳುದ್ದದ ಮೋಟು, ನನ್ನ ಯಾವುದೋ ವರ್ಷದ ಮಚ್ಚಿನ ಏಟು. ಹಿಂದಕ್ಕೆ ಮುಖ ಮಾಡಿತ್ತು. ಅಂದಕ್ಕೆ ಅಡ್ಡ. ನಾನು ಕತ್ತರಿ ಇಟ್ಟೆ. “ಇವತ್ತಿಗೆ ಸಾಕು ಮೇಷ್ಟ್ರೇ. ಒಂದೇ ದಿನ ಎಷ್ಟು ಗಾಯ ಮಾಡ್ತೀರಿ? ಅದನ್ನ ಮಳೆಗಾಲದಲ್ಲಿ ನೋಡೋಣ” ಅಂದರು.

ಇನ್ನು ಇಡುವುದೆಲ್ಲಿ? ಹುಣಸೆ ಹೊಸ್ತಿಲು ದಾಟಿ ಒಳಗೆ ಬರಕೂಡದೆಂದು ಮನೆಯಾಕೆಯ ಕಟ್ಟಪ್ಪಣೆ. ಬರಬೇಕಾದ್ದೂ ಇಲ್ಲ ಎಂದು ನಾನು ಒಪ್ಪಿದೆ. ಮನೆಯ ಪೂರ್ವಕ್ಕೆ, ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಇಟ್ಟೆವು. “ಚಿಗುರು ಬಂದರೆ ಹೇಳಿ. ಬೇಳೆ ಹಾಕಿ ಸಾರು ಮಾಡ್ತೀನಿ” ಎಂದು ಆಕೆ ಮೊಮ್ಮಗಳನ್ನು ರೇಗಿಸಿದಳು.

ಚಿಗುರು ಬರಲಿಲ್ಲ.

ಯುಗಾದಿ ಬಂತು. ತೋರಣಕ್ಕೆ ಮಾವಿನ ಎಲೆ, ಬೇವಿನ ಹೂವು, ಊರೆಲ್ಲ ಹಸಿರು. ನಮ್ಮ ಕಲ್ಲಿನ ಮೇಲೆ ಒಂದು ಒಣ ಮೋಟು. ಅವಳು ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದು ಬ್ಯಾಗು ಬಿಸಾಡುವ ಮುಂಚೆ ಒಂದು ಸಲ ನೋಡುತ್ತಿದ್ದಳು. ಹದಿನೆಂಟನೆಯ ದಿನ ನಾನು ಕಾಂಡದ ಮೇಲೆ ಉಗುರಿನಲ್ಲಿ ಸಾಸಿವೆಯಷ್ಟು ಕೆರೆದು ನೋಡಿದೆ. ಒಳಗೆ ಹಸಿರಿತ್ತು. ಇದ್ದದ್ದಂತೂ ನಿಜ, ಆದರೆ ಮಂಕಾಗಿತ್ತು. ಅವಳಿಗೆ ಹಸಿರು ಎಂದಷ್ಟೇ ಹೇಳಿದೆ.

ಆ ರಾತ್ರಿ ಕರೆಂಟು ಹೋಗಿತ್ತು. ಮಹಡಿಯ ಮೇಲೆ ಮಲಗಿಕೊಂಡು ಅವಳಿಗೊಂದು ನಿಜವಾದ ಕಥೆ ಹೇಳಿದೆ. ಜಪಾನಿನ ಹಿರೋಶಿಮಾದಲ್ಲಿ ಯಮಾಕಿ ಎಂಬ ಮನೆತನದವರ ಬಳಿ ಒಂದು ಪೈನ್ ಬೋನ್ಸಾಯ್ ಇತ್ತು. ಅದನ್ನು ಕುಂಡದಲ್ಲಿ ಸಾಕಲು ಶುರು ಮಾಡಿದ್ದು 1625ರಲ್ಲಿ. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಜಾಗದಿಂದ ಅವರ ಮನೆ ಮೂರು ಕಿಲೋಮೀಟರಿನಷ್ಟು ದೂರ. ಮರಗಳಿದ್ದ ಜಾಗದ ಸುತ್ತ ಎತ್ತರದ ಗೋಡೆಯಿತ್ತು. ಮನೆಯವರೂ ಉಳಿದರು, ಮರವೂ ಉಳಿಯಿತು. 1976ರಲ್ಲಿ ಅವರು ಆ ಮರವನ್ನು ಬಾಂಬು ಹಾಕಿದ ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ಅದು ಬಾಂಬಿನಿಂದ ಉಳಿದ ಮರ ಎಂದು ವಾಷಿಂಗ್ಟನ್ನಿನವರಿಗೆ ಗೊತ್ತಾದದ್ದು 2001ರಲ್ಲಿ, ಯಮಾಕಿ ಅವರ ಇಬ್ಬರು ಮೊಮ್ಮಕ್ಕಳು ತಾತನ ಮರ ನೋಡಲು ಹೋದಾಗ.

“ತಾತ ಆಗ ಇರ್ಲಿಲ್ವಾ?”

“ಇರ್ಲಿಲ್ಲ.”

ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ, “ನಮ್ಮದು ನಲ್ಲೂರು ಮರದ ಥರ ಟೊಳ್ಳು ಆಗೋಕೆ ಎಷ್ಟು ವರ್ಷ ಬೇಕು?” ಎಂದಳು. ನಿನಗೆ ನನ್ನಷ್ಟು ವಯಸ್ಸಾದಾಗ ಶುರುವಾಗಬಹುದು ಎಂದೆ. ಬೆರಳು ಮಡಿಸಿ ಲೆಕ್ಕ ಹಾಕಿ, “ಐವತ್ತೇಳು ವರ್ಷ” ಎಂದು ಮಗ್ಗುಲು ತಿರುಗಿದಳು.

ಏಪ್ರಿಲ್ ಬಿಸಿಲು ಏರಿತು. ಒಂದು ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಕಲ್ಲಿನ ಸುತ್ತ ಒದ್ದೆ ಗೋಣಿಚೀಲ ಹೊದಿಸಿದೆ. ಕಲ್ಲು ಕಾದರೆ ಬೇರು ಬೇಯುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಮೊಮ್ಮಗಳನ್ನು ಕೇಳಿದೆ, ಅವಳಲ್ಲ. ಅಡುಗೆ ಮನೆಯಲ್ಲಿ ಒಗ್ಗರಣೆ ಸದ್ದು ಜೋರಾಯಿತು. ನಾನು ಮತ್ತೆ ಕೇಳಲಿಲ್ಲ.

ಮೂವತ್ತೊಂದನೆಯ ದಿನ ಬೆಳಗ್ಗೆ ಅವಳ ಕೂಗಿಗೆ ಪಕ್ಕದ ಮನೆಯವರೂ ಬಂದರು. ಅಕ್ಕಿಕಾಳಿನಷ್ಟು ಕೆಂಪು ಮೊಗ್ಗು. ನಾವು ಆರಿಸಿ ಉಳಿಸಿದ ಮೂರು ಕೊಂಬೆಗಳ ಮೇಲಲ್ಲ. ಕಲ್ಲಿನ ಕಡೆಗೆ, ಕೆಳಗೆ, ಕತ್ತರಿಸಬೇಕೆಂದು ಇಟ್ಟಿದ್ದ ಬೆರಳುದ್ದದ ಮೋಟಿನ ಮೇಲೆ. ಎರಡು ದಿನಕ್ಕೆ ಅದೇ ಮೋಟಿನಲ್ಲಿ ಮೂರಾದವು, ಮಡಿಸಿಟ್ಟ ಎಳೆ ಎಲೆ ಬಿಚ್ಚಿಕೊಂಡವು. ಉಳಿದ ಕೊಂಬೆಗಳು ಸುಮ್ಮನಿದ್ದವು.

ಯಜಮಾನರು ಬಂದು ನೋಡಿ, ಹೆಚ್ಚು ಹಿಗ್ಗಬೇಡಿ ಎಂದರು. ಕಾಂಡದಲ್ಲಿ ಉಳಿದಿದ್ದ ಆಹಾರದ ಬಲದಿಂದಲೂ ಒಮ್ಮೊಮ್ಮೆ ಚಿಗುರು ಬರುತ್ತದಂತೆ. ಬೇರು ಹಿಡಿದಿದೆಯೇ ಎಂಬುದು ಮಳೆಗಾಲ ದಾಟಿದ ಮೇಲೇ ಗೊತ್ತಾಗುವುದು. ಅಲ್ಲಿಯವರೆಗೆ ಗೊಬ್ಬರವಿಲ್ಲ, ಕತ್ತರಿಯಿಲ್ಲ. ಮುಂದಿನ ಮೂರು ಕೊಂಬೆಗಳಲ್ಲಿ ಎಡದ್ದು ಒಣಗಿದಂತಿದೆ, ಉಳಿಯಲಿಕ್ಕಿಲ್ಲ. ಒಣಗಿದರೆ ತೊಗಟೆ ಕಳಚಿ ಹಾಗೇ ಬಿಡಿ ಎಂದರು.

“ಜಿನ್!” ಎಂದಳು ಅವಳು.

“ಹಂಗಾದ್ರೆ ಈ ಮೋಟು?” ಎಂದು ನಾನು ಕೇಳಿದೆ. ಯಜಮಾನರು ಕಲ್ಲನ್ನು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿದರು. ಹಿಂದಿದ್ದದ್ದು ಮುಂದಾಯಿತು. ಚಪ್ಪಟೆ ಬೇರು ಕಲ್ಲನ್ನು ಅಪ್ಪಿಕೊಂಡು ಇಳಿಯುವುದು ಈಗ ಪೂರ್ತಿ ಕಂಡಿತು. ಅದರ ಮೇಲಿನಿಂದ, ನಲ್ಲೂರಿನಲ್ಲಿ ಮೊಣಕೈ ಊರಿ ಮಲಗಿದ್ದ ಮರದ ಮೈಯಿಂದ ಹೊಸ ಕಾಂಡ ಎದ್ದಂತೆ, ಆ ಮೋಟು ಎದ್ದಿತ್ತು. ಮೂವರೂ ಸುಮ್ಮನೆ ನೋಡಿದ್ದೇ ನೋಡಿದ್ದು.

ಮೊಮ್ಮಗಳು ಒಳಗೆ ಓಡಿ ಚಿತ್ರದ ಪುಸ್ತಕ ತಂದು ಬಟ್ಟೆ ಕಲ್ಲಿನ ಮೇಲೆ ಬಿಚ್ಚಿದಳು.

“ರಬ್ಬರ್ ಎಲ್ಲಿ ತಾತ?”